ಪರದೆಯ ಪಾಠ, ಬೆರಳಿನ ಅರಿವು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬಿಡಿಎಸ್ (ದಂತವೈದ್ಯಕೀಯ ಪದವಿ) ಓದುತ್ತಿದ್ದೇನೆ. ಆನ್‌ಲೈನ್ ನೇರ ಉಪನ್ಯಾಸಗಳಿಂದ ಓಡಾಟ ತಪ್ಪಿದರೂ ಪ್ರಶ್ನೆ ಕೇಳಲು ಹಿಂಜರಿಕೆಯಾಗುತ್ತದೆ. ಕಲಿಕೆ ಕುಂಠಿತವಾದೀತೇ?
– ವಿದ್ಯಾರ್ಥಿನಿ, ಜಯನಗರ

ಉತ್ತರ: 2020ರ ಲಾಕ್‌ಡೌನಿನಲ್ಲಿ ನನ್ನ ವಿದ್ಯಾರ್ಥಿಗಳೂ ಇದೇ ಅಳುಕನ್ನು ತೋಡಿಕೊಂಡಿದ್ದರು. ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರೇ ಬೇರುಗಳಿದ್ದರೂ ಬೇರಿನೊಳಗೆ ನಾಲ್ಕನೆಯ ನಾಳವೊಂದು ಹಲವು ವೇಳೆ ಅಡಗಿರುತ್ತದೆ ಎಂಬುದನ್ನು ಸಿಬಿಸಿಟಿ (ಹಲ್ಲು, ದವಡೆಗಳ ಮೂರು ಆಯಾಮದ ಎಕ್ಸ್-ರೇ) ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ ತೋರಿಸಿದಾಗ ಕೊನೆಯ ಬೆಂಚಿನವರಿಗೂ ಅದು ನಿಚ್ಚಳವಾಗಿ ಕಂಡಿತ್ತು. ಆದರೆ ಕಿತ್ತ ಹಲ್ಲೊಂದನ್ನು ಕೊರೆಯುವಾಗ ಡೆಂಟಿನ್ (ಎನಾಮಲ್ ಕೆಳಗಿನ ಗಟ್ಟಿ ಪದರ) ದಾಟಿದ ಬರ್ (ಕೊರೆಯುವ ಮೊನೆ) ತಟ್ಟನೆ ಹಲ್ಲಿನ ಒಳಗಿನ ಟೊಳ್ಳಿಗೆ ಇಳಿಯುವ ಅನುಭವ, ಎಷ್ಟು ಒಳ್ಳೆಯ ಉಪನ್ಯಾಸವಾದರೂ, ಬೆರಳಿಗೇ ಆಗಬೇಕು. ಆದ್ದರಿಂದ ಸಿದ್ಧಾಂತಪಾಠ ಪರದೆಯಲ್ಲಿ ನಡೆಯಲಿ, ಪ್ರಾಯೋಗಿಕ ತರಗತಿಯನ್ನು ಮಾತ್ರ ಬಿಟ್ಟುಕೊಡಬೇಡಿ. ಧ್ವನಿ ಎತ್ತಲು ಸಂಕೋಚವಾದರೆ ಚಾಟ್‌ನಲ್ಲಿ ಬರೆಯಿರಿ. ಮೌನವಾಗಿರುವ ತರಗತಿಗೆ ಏನು ಅರ್ಥವಾಗಿಲ್ಲವೆಂದು ತಿಳಿಯಲು ಶಿಕ್ಷಕರಿಗೂ ಬೇರೆ ದಾರಿಯಿರುವುದಿಲ್ಲ.