ಮಗನ ಪಾಲಿನ ಹಾಲು

"ಅಕ್ಕಾರ, ಎಂಟು ದಿನದ ಹಿಂದಷ್ಟ ಅವನ ಪಾಲು ಎರದಿದ್ದೆ ರೀ."

ದೀಪಾವಳಿ ಮುಗಿದ ವಾರ ನವನಗರದ ನನ್ನ ಆಪ್ತಸಲಹೆಯ ಕೋಣೆಗೆ ಬಂದು ಕುರ್ಚಿಯ ತುದಿಗೆ ಕೂತ ಆ ತಾಯಿ ಆಡಿದ ಮೊದಲ ಮಾತು ಇದು. ಹೆಸರು ಹೇಳಿರಲಿಲ್ಲ, ಯಾಕೆ ಬಂದೆ ಎಂದೂ ಹೇಳಿರಲಿಲ್ಲ. ಬಾಗಲಕೋಟೆ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಪಂಚಮಿ ದಿನ ನಾಗಪ್ಪನಿಗೆ ಹಾಲು ಎರೆಯುವಾಗ ನಮ್ಮಲ್ಲಿ ಮನೆಯ ಒಬ್ಬೊಬ್ಬರನ್ನೂ ನೆನೆದು 'ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು' ಎಂದು ಎರೆಯುತ್ತಾರೆ. ಆಕೆ ಹನ್ನೊಂದು ವರ್ಷದ ಮಗನ ಪಾಲು ಎರೆದ ಎಂಟನೇ ರಾತ್ರಿ ಹುಡುಗ ಹಾವು ಕಚ್ಚಿ ತೀರಿಕೊಂಡಿದ್ದ.

(ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಘಟಪ್ರಭಾ ದಂಡೆಯ ಊರು, ಕಬ್ಬಿನ ಹೊಲದಲ್ಲೇ ಮನೆ. ಅಂದು ಮಕ್ಕಳಿಬ್ಬರೂ ನೆಲಕ್ಕೆ ಕೌದಿ ಹಾಸಿಕೊಂಡು ಮಲಗಿದ್ದರು. ರಾತ್ರಿ ಎರಡರ ಸುಮಾರಿಗೆ ಮಗ ಎದ್ದು ಹೊಟ್ಟೆನೋವು ಎಂದ. ತಾಯಿ ಅಜವಾನದ ನೀರು ಕುಡಿಸಿದರು, ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಿದರು. ನೋವು ನಿಲ್ಲದಾಗ ದೀಪ ಹಚ್ಚಿ ಕೂಡಲಸಂಗಮನಾಥನಿಗೆ ಹರಕೆ ಹೊತ್ತರು. ನಸುಕಿಗೆ ಹುಡುಗನ ಕಣ್ಣರೆಪ್ಪೆ ಜೋತುಬಿದ್ದವು, ಮಾತು ತೊದಲಿತು. ಕೌದಿ ಜಾಡಿಸಿದಾಗ ಹಾವು ಕಂಡಿತು. ಆಸ್ಪತ್ರೆಯ ದಾರಿಯಲ್ಲೇ ಉಸಿರು ನಿಂತಿತು.

ಆಮೇಲೆ ಮನೆಗೆ ಬಂದವರು ಆಡಿದ ಮಾತುಗಳು ಆಕೆಗೆ ಒಂದೂ ಮರೆತಿರಲಿಲ್ಲ. ಹಿಂದಿನ ಜನ್ಮದ್ದು ಎಂದರು. ಪಂಚಮಿ ದಿನ ಒಲೆ ಮೇಲೆ ಹಂಚು ಇಟ್ಟಿದ್ದೆಯೇನು ಎಂದು ಕೇಳಿದರು (ಅಂದು ರೊಟ್ಟಿಯ ಹಂಚು ಇಡಬಾರದು ಎಂಬ ನಂಬಿಕೆ ನಮ್ಮಲ್ಲಿದೆ). ನಾಗದೋಷ ಇದೆ, ದೊಡ್ಡ ಶಾಂತಿ ಮಾಡಿಸಿ ಎಂದರು. ಅದಕ್ಕೆ ಎಮ್ಮೆ ಮಾರುವ ಮಾತೂ ನಡೆದಿತ್ತು. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು, ಪ್ರೀತಿಯಿಂದಲೇ ಹೇಳಿದ ಒಂದು ಮಾತು: "ದೇವರಿಗೆ ಬೇಕಾದವರನ್ನ ಲಗೂನ ಕರಕೋತಾನ."

"ಹಂಗಾದ್ರ ನನಗ ಬ್ಯಾಡಾಗಿದ್ನೇನ್ರಿ?" ಎಂದು ಆಕೆ ನನ್ನನ್ನು ಕೇಳಿದರು.

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಇಲ್ಲ ಎಂದೇ ಹೇಳಿದೆ.

ಆಕೆ ಮದುವೆಯಾದಾಗಿನಿಂದ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವರಲ್ಲ. ಮಗ ಹೋದ ಹದಿಮೂರನೇ ದಿನ ಕೊರಳಿನ ಇಷ್ಟಲಿಂಗವನ್ನು ತೆಗೆದು ಗೋಡೆಯ ಮಾಡದಲ್ಲಿ ಇಟ್ಟಿದ್ದರು. "ಅಂವನ ಮಾರಿ ನೋಡಾಕ ಆಗವಲ್ದು. ಬಿಟ್ಟಿರಾಕೂ ಆಗವಲ್ದು." ಮನೆಯವರು ಇದನ್ನೇ ದೊಡ್ಡ ಅಪರಾಧ ಮಾಡಿ ಆಕೆಯನ್ನು ನನ್ನಲ್ಲಿಗೆ ಕಳಿಸಿದ್ದರು. ನನಗೆ ಮಾತ್ರ ಅದು ನಂಬಿಕೆ ಸತ್ತದ್ದರ ಗುರುತಾಗಿ ಕಾಣಲಿಲ್ಲ. ದೇವರಿಲ್ಲ ಎಂದು ಅನ್ನಿಸಿದ್ದರೆ ತೆಗೆದಿಡಲು ಕೈ ಅಷ್ಟು ನಡುಗುತ್ತಿರಲಿಲ್ಲ. ಅದು ಒಂದೇ ಮನೆಯಲ್ಲಿ ಇದ್ದವರ ನಡುವಿನ ಮುನಿಸು.

ಮೊದಲ ದಿನ ದೇವರ ವಿಷಯಕ್ಕೆ ನಾನು ಹೋಗಲೇ ಇಲ್ಲ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಮಗನ ಹತ್ತಿರ ಹೋಗಬೇಕು ಅನ್ನಿಸುತ್ತದೆ, ಆದರೆ ಮಗಳು ಇದ್ದಾಳಲ್ಲ ಎಂದರು. ಹಾಗೆ ಮಾಡಿಕೊಳ್ಳುವ ಯೋಚನೆ, ತಯಾರಿ ಇರಲಿಲ್ಲ. ಆದರೂ ಯಜಮಾನರನ್ನು ಒಳಗೆ ಕರೆದು, ಹೊಲಕ್ಕೆ ತಂದ ಕ್ರಿಮಿನಾಶಕ ಎಣ್ಣೆಯನ್ನೆಲ್ಲ ಬೀಗ ಹಾಕಿಡಲು ಹೇಳಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಕೊಟ್ಟೆ.

ಎರಡನೇ ಭೇಟಿಯಲ್ಲಿ ಹಾವಿನ ವಿಷಯ ಮಾತಾಡಿದೆವು. 'ದೇವರು ಯಾಕೆ ಹೀಗೆ ಮಾಡಿದ' ಎನ್ನುವ ಒಂದೇ ಮಾತಿನೊಳಗೆ ಮೂರು ಪ್ರಶ್ನೆ ಹೆಣೆದುಕೊಂಡಿರುತ್ತವೆ. ಏನಾಯಿತು? ತಪ್ಪು ಯಾರದು? ಆ ಹೊತ್ತಿನಲ್ಲಿ ಅವನು ಎಲ್ಲಿದ್ದ? ಮೊದಲಿನ ಎರಡಕ್ಕೆ ಉತ್ತರ ಇರುತ್ತದೆ, ಅದನ್ನು ತಡಮಾಡದೆ ಕೊಡಬೇಕು. ಕೊಡದೆ ಹೋದರೆ ಎಲ್ಲ ಭಾರವೂ ಮೂರನೆಯದರ ಮೇಲೆ ಬೀಳುತ್ತದೆ.

ಪರಿಚಯದ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಆಕೆಗೆ ಹೇಳಿದೆ. ಅದು ಆಕೆ ಹಾಲೆರೆದ ನಾಗರವಲ್ಲ, ಕಟ್ಟುಹಾವು. ಕತ್ತಲಲ್ಲಿ ಓಡಾಡುತ್ತದೆ, ನೆಲದಲ್ಲಿ ಮಲಗಿದವರ ಹಾಸಿಗೆಗೆ ನುಸುಳುತ್ತದೆ. ಕಚ್ಚಿದರೆ ಬಹಳ ಸಲ ನೋವಾಗುವುದಿಲ್ಲ, ಬಾವು ಬರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಹೊಟ್ಟೆನೋವೇ ಮೊದಲು ಕಾಣಿಸಿಕೊಳ್ಳಬಹುದು. ಆಮೇಲೆ ರೆಪ್ಪೆ ಜೋತುಬೀಳುತ್ತವೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ವಿಷ ನರಗಳ ಮೇಲೆ ಕೆಲಸ ಮಾಡುವುದರಿಂದ ಹಾಗೆ. ಅದಕ್ಕೆ ಹೊಲದ ಮೇಲೂ ಇಲ್ಲ, ಮನೆತನದ ಮೇಲೂ ಇಲ್ಲ, ಹಂಚು ಇಟ್ಟವರ ಮೇಲೂ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ.

"ಆಗ ದವಾಖಾನಿಗೆ ಒಯ್ದಿದ್ರ ಬದುಕತಿದ್ನೇನ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಒಂದು ದಿನ ಯಾರೋ ಅವರಿಗೆ ನಿಜ ಹೇಳಿಯೇ ಹೇಳುತ್ತಾರೆ, ಆಗ ಮಗನ ಜೊತೆಗೆ ನನ್ನನ್ನೂ ಕಳೆದುಕೊಳ್ಳುತ್ತಾರೆ. "ಬದುಕುವ ಸಾಧ್ಯತೆ ಇತ್ತವ್ವಾ. ನಮ್ಮ ದೇಶದಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಕಟ್ಟುಹಾವಿಗೂ ಆಗುತ್ತದೆ. ಆದರೆ ಎರಡು ಗಂಟೆಗೆ ನಿಮ್ಮ ಮುಂದೆ ಇದ್ದದ್ದು ಹಾವಲ್ಲ, ಹೊಟ್ಟೆನೋವು. ಹೊಟ್ಟೆನೋವಿಗೆ ತಾಯಿ ಮಾಡುವುದನ್ನು ನೀವು ಮಾಡಿದಿರಿ" ಎಂದೆ. ಆಕೆ ಬಹಳ ಹೊತ್ತು ಅತ್ತರು. ಮೂರು ತಿಂಗಳಲ್ಲಿ ಮೊದಲ ಸಲ ಸದ್ದು ಮಾಡಿ ಅತ್ತದ್ದು ಅಂದೇ ಎಂದು ಆಮೇಲೆ ಯಜಮಾನರು ಹೇಳಿದರು.

ತಾಯಿಯ ಎದೆ ಹಗುರ ಮಾಡಿದ ಆ ಮಾತು ತಂದೆಯ ಕಾಲಡಿಯ ನೆಲ ಕದಲಿಸಿತು. ಇದನ್ನು ನಾನು ಎಣಿಸಿರಲಿಲ್ಲ.

ಅವರು ಮುಂದಿನ ವಾರ ಒಬ್ಬರೇ ಬಂದರು. ಓದುವ ಹವ್ಯಾಸದ ಮನುಷ್ಯ. "ಮೇಡಂ, ದೋಷ, ಶಾಪ ಅಂದಿದ್ರ ಒಂದು ಲೆಕ್ಕರೆ ಸಿಗತಿತ್ತು. ನೀವು ಯಾರ ತಪ್ಪೂ ಅಲ್ಲ ಅಂದ್ರಿ. 2000ದಿಂದ 2019ರತನಕ ನಮ್ಮ ದೇಶದಾಗ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು ಮಾಡ್ಯಾರ. ಬರೇ ನನ್ನ ಮಗ ಅಲ್ಲ. ಇಷ್ಟು ಮಂದಿ ಕೂಗಿದಾಗ ಆ ಸಂಗಮನಾಥ ಏನ ಮಾಡತಿದ್ದ? ಕಟ್ಟುಹಾವನ್ನ ಹುಟ್ಟಿಸಿದಂವ ಯಾರು?"

ಅವರ ಪ್ರಶ್ನೆ ಹೊಸದಲ್ಲ. ಇಷ್ಟು ದುಃಖ ಇರುವ ಲೋಕವನ್ನು ಮಾಡಿದ ದೇವರಿಗೆ ಪಕ್ಷಪಾತ, ನಿರ್ದಯೆ ಎಂಬ ದೋಷಗಳು ತಗಲುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲೇ ಎದುರಿಗಿಟ್ಟುಕೊಂಡು ಚರ್ಚಿಸಿದ್ದಾರೆ. ವೈಷಮ್ಯ, ನೈರ್ಘೃಣ್ಯ ಎಂಬುವು ಅಲ್ಲಿನ ಪದಗಳು. ದೇವರು ಜೀವಿಗಳ ಕರ್ಮಕ್ಕೆ ತಕ್ಕಂತೆ ಫಲ ಕೊಡುವುದರಿಂದ ಆ ದೋಷ ಅವನಿಗಿಲ್ಲ ಎಂಬುದು ಅಲ್ಲಿಯ ಉತ್ತರ. ಅದನ್ನು ನಾನು ತಳ್ಳಿಹಾಕಲಿಲ್ಲ, ಅಷ್ಟು ದೊಡ್ಡ ವಿಚಾರಕ್ಕೆ ನಾನು ಸಾಕಾದವಳಲ್ಲ. ಆದರೆ ಅವರಿಗೆ ಒಂದು ಮಾತು ಹೇಳಿದೆ. ಅದು ದೇವರ ಮೇಲಿನ ಆಪಾದನೆಗೆ ಪಂಡಿತರು ಕೊಟ್ಟ ಉತ್ತರ. ಸಾವಿನ ಮನೆಯ ಅಂಗಳಕ್ಕೆ ತಂದರೆ ಅದೇ ಉತ್ತರ ಹನ್ನೊಂದು ವರ್ಷದ ಹುಡುಗನ ಮೇಲೆ ಆರೋಪಪಟ್ಟಿ ಆಗಿಬಿಡುತ್ತದೆ. ಬಂದವರು ಆ ಮಾತು ತೆಗೆದರೆ, 'ಈಗ ಬ್ಯಾಡ್ರಿ' ಎಂದು ನಿಲ್ಲಿಸುವ ಕೆಲಸ ನಿಮ್ಮದು, ಹೆಂಡತಿಯ ಮೇಲೆ ಅದನ್ನು ಬಿಡಬೇಡಿ ಎಂದೆ. ಎಮ್ಮೆ ಮಾರುವುದನ್ನು ಒಂದು ವರ್ಷ ಮುಂದೂಡಲು ಹೇಳಿದೆ. ಶಾಂತಿ ಮಾಡಿಸಬೇಡಿ ಎನ್ನಲಿಲ್ಲ. ಹೆದರಿಕೆಯಲ್ಲಿ ಸಾಲ ಮಾಡಿ ಮಾಡಿಸಬೇಡಿ ಎಂದಷ್ಟೇ ಹೇಳಿದೆ.

"ನೀವು ದೇವರನ್ನ ನಂಬತೀರೇನ್ರಿ?" ಎಂದು ಕೇಳಿದರು.

ಸಲಹೆಗಾರರು ಇಂಥ ಪ್ರಶ್ನೆಯನ್ನು ತಿರುಗಿಸಿ ಕೇಳಿದವರಿಗೇ ಕೊಡಬೇಕು ಎಂದು ನಮಗೆ ಕಲಿಸಿರುತ್ತಾರೆ. ಆ ಮುಖದ ಎದುರು ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. "ನಂಬುತ್ತೇನೆ. ಆದರೆ ನಿಮ್ಮ ಮಗನ ವಿಷಯದಲ್ಲಿ ಅವನ ಪರವಾಗಿ ವಕಾಲತ್ತು ಹಾಕಲು ನನ್ನಿಂದ ಆಗುವುದಿಲ್ಲ. ನೀವೇ ಅವನನ್ನು ಕೇಳಬೇಕು" ಎಂದೆ.

ದೇವರಿಗೆ ಬೈಯುವುದು ಪಾಪ ಎಂಬ ಅಂಜಿಕೆ ಇಬ್ಬರಿಗೂ ಇತ್ತು. ನಮ್ಮ ಭಕ್ತರ ದಾರಿಯಲ್ಲಿ ನಿಂದಾಸ್ತುತಿ ಎಂಬುದೇ ಒಂದು ಬಗೆ ಎಂದು ನೆನಪಿಸಿದೆ. ಶರಣರೂ ದಾಸರೂ ದೇವರನ್ನು ನಿಲ್ಲಿಸಿ ಕೇಳಿದ್ದಾರೆ, ಜಗಳ ಆಡಿದ್ದಾರೆ. ಯಾರೂ ಅವರನ್ನು ನಾಸ್ತಿಕರು ಎನ್ನಲಿಲ್ಲ. ದಿನಕ್ಕೆ ಒಂದು ಹೊತ್ತು, ಹತ್ತೇ ನಿಮಿಷ, ಲಿಂಗ ಇಟ್ಟ ಆ ಗೋಡೆಯ ಮಾಡದ ಮುಂದೆ ಕೂತು ಬಾಯಿಗೆ ಬಂದದ್ದನ್ನು ಅನ್ನಿ, ಕೈಮುಗಿಯಲೇಬೇಕೆಂದಿಲ್ಲ, ಲಿಂಗವನ್ನು ಮತ್ತೆ ಕಟ್ಟಿಕೊಳ್ಳಲೇಬೇಕೆಂದೂ ಇಲ್ಲ ಎಂದು ತಾಯಿಗೆ ಹೇಳಿದೆ. ಅತ್ತೆಗೂ ಫೋನು ಮಾಡಿ, ಆ ಹತ್ತು ನಿಮಿಷ ಆಕೆಯನ್ನು ಯಾರೂ ತಡೆಯಬಾರದು ಎಂದು ಕೇಳಿಕೊಂಡೆ.

ತಂದೆ ಸಂಕ್ರಮಣಕ್ಕೆ ಕೂಡಲಸಂಗಮಕ್ಕೆ ಹೋದರು. ನಾರಾಯಣಪುರ ಜಲಾಶಯದ ಹಿನ್ನೀರು ಏರಿದ ಮೇಲೆ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಕೆಳಗೆ ಹೋದರೆ ಗೋಡೆಯ ಆಚೆ ನೀರು, ಈಚೆ ನಾವು. ಅಲ್ಲಿ ಒಂದು ತಾಸು ಕೂತೆ ಎಂದರು. "ಉತ್ತರ ಏನೂ ಸಿಗಲಿಲ್ರಿ. ಖರೆ, ಎದ್ದು ಬರಾಕ ಮನಸ್ಸಾಗಲಿಲ್ಲ."

ಮಗಳು ನೆಲಕ್ಕೆ ಕಾಲಿಡಲು ಹೆದರುತ್ತಿದ್ದಳು. ಆಕೆಗೆ ಮಂಚ ತಂದರು, ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದನ್ನು ಕಲಿಸಿದರು. ಕಟ್ಟುಹಾವಿನಿಂದ ಕಾಯಲು ಇಷ್ಟೂ ಬಹಳ. ಕಬ್ಬು ಕಡಿಯುವ ಗ್ಯಾಂಗಿನವರು ಹೊಲದ ಬದಿಯ ಗುಡಿಸಲಲ್ಲಿ ನೆಲಕ್ಕೇ ಮಲಗುತ್ತಾರೆ. ಆ ಸುಗ್ಗಿಯಲ್ಲಿ ತಂದೆ ಅವರ ಮಕ್ಕಳಿಗೂ ಪರದೆ ತಂದು ಕೊಟ್ಟರು. ಇದರಿಂದ ಸಮಾಧಾನ ಆಯಿತೇ ಎಂದು ನಾನು ಕೇಳಿದೆ. ಇಲ್ಲ ಎಂದರು, ಮುಂದಿನ ವರ್ಷ ಇನ್ನೊಂದಿಷ್ಟು ತರಬೇಕು ಎಂದೂ ಹೇಳಿದರು.

ಪಂಚಮಿ ಹತ್ತಿರ ಬಂದಂತೆ ತಾಯಿಗೆ ಮತ್ತೆ ನಿದ್ದೆ ಕೆಟ್ಟಿತು. ಹಾಲು ಎರೆಯಲೋ ಬೇಡವೋ ಎಂದು ಕೇಳಿದರು. ಎರೆದರೂ ಬಿಟ್ಟರೂ ಮಗಳಿಗೆ ಏನೂ ಆಗುವುದಿಲ್ಲ, ಇಷ್ಟನ್ನು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ, ಉಳಿದದ್ದು ಅಂದು ಬೆಳಗ್ಗೆ ನಿಮ್ಮ ಮನಸ್ಸು ಏನು ಹೇಳುತ್ತದೋ ಹಾಗೆ ಎಂದೆ.

ಹಬ್ಬ ಕಳೆದ ನಾಲ್ಕನೇ ದಿನ ಬಂದರು. ಕೊರಳಲ್ಲಿ ಲಿಂಗ ಇರಲಿಲ್ಲ. ಡಬ್ಬಿಯಲ್ಲಿ ನನಗೆ ಶೇಂಗಾ ಉಂಡಿ ತಂದಿದ್ದರು.

"ಹೋಗಿದ್ದೆ ರೀ. ಎಲ್ಲಾರ ಪಾಲೂ ಎರದೆ. ಅವಂದು ಎರೀಲಿಲ್ಲ. 'ಇದನ್ನ ನಿನಗ ಕೊಡಾಂಗಿಲ್ಲ' ಅಂತ ಅಂವಗ ಹೇಳಿ ತಂಬಗಿ ಹಂಗ ಮನಿಗೆ ತಂದೆ."

"ಆ ಹಾಲು ಏನು ಮಾಡಿದಿರಿ?"

"ಚಾ ಮಾಡಿದೆ ರೀ. ಇಬ್ಬರೂ ಕಟ್ಟಿ ಮ್ಯಾಲೆ ಕುಂತು ಕುಡಿದ್ವಿ."