ತಪ್ಪಿದ ಪ್ರಸ್ತಾರ, ಅನುಮಾನಕ್ಕೊಳಗಾದ ಪ್ರಬಂಧ

ಪ್ರಶ್ನೆ: ಕುಮಾರವ್ಯಾಸನ ‘ಶ್ರೀವನಿತೆಯರಸನೆ ವಿಮಲ ರಾ’ ಎಂಬ ಸಾಲಿಗೆ ಪ್ರಸ್ತಾರ (ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರುಗಳನ್ನು ಗುರುತಿಸಿ ಗಣ ವಿಂಗಡಿಸುವ ಕ್ರಮ) ಹಾಕಿಕೊಂಡು ಬರಲು ಹೇಳಿದ್ದೆ. ಒಂಬತ್ತನೆಯ ತರಗತಿಯ ಹಲವು ಮಕ್ಕಳು ಮೊಬೈಲಿನ ಎಐ ಕೊಟ್ಟ ಒಂದೇ ತಪ್ಪನ್ನು ಬರೆದು ತಂದರು. ‘ಶ್ರೀ’ ಅಕ್ಷರಕ್ಕೆ ಲಘು, ಪದ ಮುಗಿದಲ್ಲೆಲ್ಲ ಗೆರೆ, ಒಟ್ಟು 13 ಮಾತ್ರೆ! ಇದೇ ವಾರ ನಮ್ಮ ಸಹೋದ್ಯೋಗಿಯೊಬ್ಬರು ವಿದ್ಯಾರ್ಥಿನಿಯೊಬ್ಬಳ ಪ್ರಬಂಧವನ್ನು ಎಐ ಬರಹ ಪತ್ತೆಹಚ್ಚುವ ತಂತ್ರಾಂಶಕ್ಕೆ ಹಾಕಿ, ಅದು ‘ಯಂತ್ರದ ಬರಹ’ ಎಂದದ್ದಕ್ಕೆ ಅಂಕ ಕಡಿತಗೊಳಿಸಿದರು. ತಾನೇ ಬರೆದೆನೆಂದು ಆಕೆ ಅಳುತ್ತಿದ್ದಾಳೆ. ಯಂತ್ರವನ್ನು ಎಷ್ಟು ನಂಬಬೇಕು?
— ಪ್ರೌಢಶಾಲಾ ಕನ್ನಡ ಶಿಕ್ಷಕಿ, ಗದಗ ತಾಲ್ಲೂಕು

ಉತ್ತರ: ಮೊದಲು ಆ ಹುಡುಗಿಯ ವಿಚಾರ, ಷಟ್ಪದಿಯ ಪಾಠವನ್ನು ನಾಳೆಯೂ ಮಾಡಬಹುದು. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥದೊಂದು ಪತ್ತೆ ಸಾಧನವನ್ನು ಬಿಡುಗಡೆ ಮಾಡಿತ್ತು. ಅದು ಯಂತ್ರ ಬರೆದ ಬರಹಗಳಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸುತ್ತದೆ, ಮನುಷ್ಯರು ಬರೆದ ಬರಹಗಳಲ್ಲಿ ಶೇ 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತದೆ ಎಂದು ಸಂಸ್ಥೆಯೇ ಒಪ್ಪಿಕೊಂಡಿತ್ತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗಳಲ್ಲಿ ಅದರ ಕೆಲಸ ಇನ್ನೂ ಕಳಪೆ ಎಂದೂ ಎಚ್ಚರಿಸಿತ್ತು. ನಿಖರತೆ ಸಾಲದೆಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಹೀಗಿರುವಾಗ ಇಂಥ ಸಾಧನದ ಮಾತೊಂದನ್ನೇ ಆಧಾರವಾಗಿಟ್ಟುಕೊಂಡು ಕನ್ನಡದ ಮಗುವೊಂದನ್ನು ಕಳ್ಳಿಯೆಂದು ಕರೆಯುವುದು ಅನ್ಯಾಯ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಅಂಕಗಳನ್ನು ಹಿಂದಿರುಗಿಸಲು ನಿಮ್ಮ ಸಹೋದ್ಯೋಗಿಗೆ ತಿಳಿಸಿ. ಅನುಮಾನ ಉಳಿದಿದ್ದರೆ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಮಾತು ಹೇಗೆ ಹೊಳೆಯಿತು, ಈ ಉದಾಹರಣೆ ಎಲ್ಲಿಂದ ಬಂತು ಎಂದು ಅಕ್ಕರೆಯಿಂದ ಕೇಳಲಿ. ತಾನೇ ಬರೆದ ಮಗುವಿಗೆ ಹೇಳಲು ಏನಾದರೂ ಇದ್ದೇ ಇರುತ್ತದೆ.

ಇನ್ನು ಪ್ರಸ್ತಾರ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಗಣಗಳು, ಒಟ್ಟು 14 ಮಾತ್ರೆ. ನೀವು ಕೊಟ್ಟ ಸಾಲು ‘ಶ್ರೀವ | ನಿತೆಯರ | ಸನೆವಿ | ಮಲರಾ’ ಎಂದು ಒಡೆಯುತ್ತದೆ. ‘ಶ್ರೀ’ ದೀರ್ಘವಾದ್ದರಿಂದ ಗುರು. ಅಲ್ಲಿ ಒಂದು ಮಾತ್ರೆ ಕಳೆದುಹೋದ ಕಾರಣ ಲೆಕ್ಕ 13ಕ್ಕೆ ನಿಂತಿದೆ. ಸಾಲನ್ನು ಎರಡು ಬಾರಿ ಗಟ್ಟಿಯಾಗಿ ಓದಿದ ಮಗುವಿನ ಕಿವಿಗೇ ಈ ದೀರ್ಘ ಕೇಳಿಸುತ್ತದೆ. ಯಂತ್ರಕ್ಕೆ ಆ ಕಿವಿಯಿಲ್ಲ. ನಾವು ಒಂದಕ್ಷರವೆಂದು ಉಚ್ಚರಿಸುವ ‘ಶ್ರೀ’ ಕಂಪ್ಯೂಟರಿನಲ್ಲಿ ಶಕಾರ, ಹಲಂತದ ಗುರುತು, ರಕಾರ, ಈಕಾರದ ಗುರುತು ಎಂಬ ನಾಲ್ಕು ಸಂಕೇತಗಳಾಗಿ ಕುಳಿತಿರುತ್ತದೆ. ಎಐಯ ಹಿಂದಿರುವ ಭಾಷಾ ಮಾದರಿಯು ಅವನ್ನು ತನಗೆ ಅನುಕೂಲವಾದ ತುಂಡುಗಳಾಗಿ ಕತ್ತರಿಸಿಕೊಂಡು, ಮುಂದೆ ಯಾವ ತುಂಡು ಬರುವ ಸಂಭವ ಹೆಚ್ಚೆಂದು ಅಂದಾಜಿಸುತ್ತ ಉತ್ತರ ಹೆಣೆಯುತ್ತದೆಯೇ ಹೊರತು ನಾವು ಬೆರಳು ಮಡಿಸಿದಂತೆ ಮಾತ್ರೆ ಎಣಿಸುವುದಿಲ್ಲ. ಉತ್ತರ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಅದರ ಧ್ವನಿಯಲ್ಲಿ ಅಳುಕಿರುವುದಿಲ್ಲವಾದ್ದರಿಂದ, ಇನ್ನೂ ಕಲಿಯುತ್ತಿರುವ ಮಗು ಎರಡನ್ನೂ ಒಂದೇ ಭರವಸೆಯಿಂದ ಬರೆದುಕೊಳ್ಳುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ಆ ತಪ್ಪು ಉತ್ತರವನ್ನೇ ಕಪ್ಪುಹಲಗೆಯ ಮೇಲೆ ಬರೆದು, ಎಲ್ಲಿ ತಪ್ಪಿದೆಯೆಂದು ಮಕ್ಕಳಿಂದಲೇ ಹುಡುಕಿಸಿ. ವೀರನಾರಾಯಣನ ಗುಡಿ ನಿಮ್ಮ ಊರಿನ ಆಸುಪಾಸಿನಲ್ಲೇ ಇದೆ; ಕುಮಾರವ್ಯಾಸ ಕುಳಿತು ಬರೆದನೆಂದು ಜನ ತೋರಿಸುವ ಕಂಬದ ಬಳಿ ಮಕ್ಕಳಿಂದ ಆ ಪದ್ಯವನ್ನು ಒಮ್ಮೆ ಹಾಡಿಸಿದರೆ ಗಣಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹೊಸ ಪಾಠದ ಪ್ರಸ್ತಾರವನ್ನು ಮನೆಗೆ ಕೊಡದೆ ತರಗತಿಯಲ್ಲೇ ಹಾಕಿಸುವುದು ಒಳ್ಳೆಯದು. ಪಾಠ ತಿಳಿದ ಮೇಲೆ, ಅಭ್ಯಾಸಕ್ಕೆ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವಷ್ಟರ ಮಟ್ಟಿಗೆ ಎಐ ಬಳಸಿದರೆ ನನ್ನ ಆಕ್ಷೇಪವಿಲ್ಲ.

ಪ್ರಶ್ನೆ: ಏಳನೆಯ ತರಗತಿಯ ನನ್ನ ಮಗ ಅಂಕಪಟ್ಟಿಯ ಫೋಟೊ ಹಾಕಿ, ಓದಿನ ವೇಳಾಪಟ್ಟಿ ಮಾಡಿಕೊಡೆಂದು ಎಐಯನ್ನು ಕೇಳುತ್ತಾನೆ. ಬಿಡಬಹುದೇ?
— ಪೋಷಕರು, ಹಾವೇರಿ

ಉತ್ತರ: ಬೇಡ. ತರಗತಿಯಲ್ಲಿ ಇಂಥ ಸಾಧನಗಳ ಬಳಕೆಗೆ ಕನಿಷ್ಠ 13 ವರ್ಷ ವಯಸ್ಸಾಗಿರಬೇಕೆಂದು ಯುನೆಸ್ಕೊ 2023ರ ಮಾರ್ಗಸೂಚಿಯಲ್ಲಿ ಸಲಹೆ ಮಾಡಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಂಕಪಟ್ಟಿಯಲ್ಲಿ ಹೆಸರು, ಶಾಲೆ, ಜನ್ಮದಿನಾಂಕ ಎಲ್ಲವೂ ಇರುತ್ತವೆ. ಈವರೆಗೆ ಹಾಕಿದ ಫೋಟೊಗಳನ್ನು ಅವನೊಡನೆ ಕುಳಿತು ಅಳಿಸಿಹಾಕಿ. ವೇಳಾಪಟ್ಟಿಯನ್ನು ಈ ಭಾನುವಾರ ನೀವಿಬ್ಬರೂ ಸೇರಿ ಒಂದು ಹಾಳೆಯ ಮೇಲೆ ಬರೆಯಿರಿ.