ಓದುಗರ ಪ್ರಶ್ನೆ: ಪೆಟ್ರೋಲ್ ಬಿಟ್ಟರೆ ಯಾವ ಕಾರು?

ಪ್ರಶ್ನೆ: ಚಿತ್ರದುರ್ಗದಲ್ಲಿ ಸ್ವಂತ ಮನೆಯಿದೆ. ಹೊಳಲ್ಕೆರೆ ಬಳಿಯ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದು, ದಿನಕ್ಕೆ ಹೋಗಿಬರಲು 70 ಕಿ.ಮೀ. ಆಗುತ್ತದೆ. ತಿಂಗಳಿಗೆ ಹತ್ತು ಸಾವಿರ ರೂಪಾಯಿ ಪೆಟ್ರೋಲ್‌ಗೇ ಹೋಗುತ್ತಿದೆ. ಸಿಎನ್‌ಜಿ ಕಾರು ಕೊಳ್ಳುವುದೋ, ಎಲೆಕ್ಟ್ರಿಕ್ ಕಾರೋ? ಎಲೆಕ್ಟ್ರಿಕ್ ಕೊಂಡರೆ ಗೃಹಜ್ಯೋತಿ ಕೈತಪ್ಪುತ್ತದೆಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ತಾವು ದಿನದ ಓಡಾಟದ ಲೆಕ್ಕವನ್ನು ಬರೆದು ಕಳುಹಿಸಿದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಬಹಳ ಮಂದಿ ಬಂಕಿನ ದರಫಲಕ ನೋಡಿ ಕಾರು ಬದಲಿಸಲು ಹೊರಡುತ್ತಾರೆ. ನೋಡಬೇಕಾದದ್ದು ತಿಂಗಳಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದನ್ನು.

ಶಾಲೆಯ 25 ದಿನಗಳಿಗೆ ತಮ್ಮ ಓಡಾಟ 1,750 ಕಿ.ಮೀ. ಆಗುತ್ತದೆ. ಲೀಟರಿಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 97 ಲೀಟರ್ ಬೇಕು, ಅಂದರೆ ತಾವು ಹೇಳಿದ ಹತ್ತು ಸಾವಿರ ಸರಿಯಾಗಿಯೇ ಇದೆ. ಅದೇ ಗಾತ್ರದ ಸಿಎನ್‌ಜಿ ಕಾರು ಕಂಪನಿ ಹೇಳುವ 34 ಕಿ.ಮೀ. ಕೊಡದಿದ್ದರೂ ಕೆ.ಜಿ.ಗೆ 26 ಕಿ.ಮೀ. ಕೊಟ್ಟರೆ 67 ಕೆ.ಜಿ. ಸಾಕು, ಕೆ.ಜಿ.ಗೆ 90 ರೂಪಾಯಿ ಎಂದು ಹಿಡಿದರೂ ಆರು ಸಾವಿರದಲ್ಲಿ ಮುಗಿಯುತ್ತದೆ. ಪೆಟ್ರೋಲ್ ಮಾದರಿಗಿಂತ ಸಿಎನ್‌ಜಿ ಮಾದರಿಗೆ ಸುಮಾರು ಒಂದು ಲಕ್ಷ ಹೆಚ್ಚು ಕೊಡಬೇಕಾಗಿ ಬಂದರೂ, ತಿಂಗಳಿಗೆ ನಾಲ್ಕು ಸಾವಿರ ಉಳಿಯುವುದರಿಂದ ಎರಡು ವರ್ಷ ದಾಟಿ ಒಂದೆರಡು ತಿಂಗಳಿಗೆ ಅದು ಹಿಂದಿರುಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳ ಜಿಎಸ್‌ಟಿ 18 ಶೇಕಡಾಕ್ಕೆ ಇಳಿದಿರುವುದೂ ಅನುಕೂಲವೇ.

ಆದರೆ ಸಿಎನ್‌ಜಿಯ ತೊಂದರೆ ದರದಲ್ಲಿಲ್ಲ, ತುಂಬಿಸುವುದರಲ್ಲಿದೆ. ಚಿತ್ರದುರ್ಗ ಮತ್ತು ದಾವಣಗೆರೆ ಎರಡೂ ಸೇರಿ ನಗರ ಅನಿಲ ವಿತರಣೆಯ ಒಂದೇ ವಲಯವಾಗಿದ್ದು, ಬಂಕುಗಳು ಹೆಚ್ಚುತ್ತಿರುವುದು ನಿಜ. ಹೀಗಿದ್ದರೂ ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ದಾವಣಗೆರೆ ಹೊರವಲಯದ ಒಂದು ಬಂಕಿನಲ್ಲಿ ಆಟೋಗಳ ಹಿಂದೆ ಮುಕ್ಕಾಲು ಗಂಟೆ ನಿಂತು, ಎಲ್ಲರೂ ಗಾಡಿಯಿಂದಿಳಿದು ಕಾದ ಮೇಲೆ, ನನ್ನ ಕಾರಿಗೆ ಬಿದ್ದದ್ದು ಐದೂವರೆ ಕೆ.ಜಿ. ಮಾತ್ರ. 'ಪ್ರೆಶರ್ ಇಲ್ಲ ಸರ್' ಎಂದು ಹುಡುಗ ನಳಿಕೆ ಕಿತ್ತುಕೊಂಡ. ಅವನ ತಪ್ಪೇನಿಲ್ಲ: ಸಿಲಿಂಡರಿಗೆ ಅನಿಲ ತುಂಬುವುದು 200 ಬಾರ್ ಒತ್ತಡದಲ್ಲಿ, ಸಾಲು ಉದ್ದವಾದಂತೆ ಬಂಕಿನ ಸಂಗ್ರಹದ ಒತ್ತಡ ಕುಸಿಯುತ್ತದೆ, ಬಿಸಿಲಿಗೆ ಹಿಗ್ಗಿದ ಅನಿಲ ಅಷ್ಟೇ ಒತ್ತಡದಲ್ಲಿ ಕಡಿಮೆ ತೂಕ ತೂಗುತ್ತದೆ. ತಾವು ತಿಂಗಳಿಗೆ ಎಂಟೊಂಬತ್ತು ಸಲ ತುಂಬಿಸಬೇಕಾಗುವುದರಿಂದ, ಶಾಲೆಯ ದಾರಿಯಲ್ಲೇ ಬಂಕ್ ಇದ್ದು ಬೆಳಗಿನ ತಂಪಿನಲ್ಲಿ ತುಂಬಿಸಲು ಆಗುವುದಾದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಡಿಕ್ಕಿಯ ಜಾಗ ಸಿಲಿಂಡರಿಗೆ ಹೋಗುತ್ತದೆ ಎಂಬುದನ್ನೂ ಮನೆಯವರಿಗೆ ಮೊದಲೇ ತಿಳಿಸಿಬಿಡಿ. ಮದುವೆಗೆ ಹೊರಡುವ ದಿನ ಸೂಟ್‌ಕೇಸ್ ಹಿಡಿದು ನಿಂತಾಗ ತಿಳಿಯುವುದು ಬೇಡ.

ಸ್ವಂತ ಮನೆಯಿರುವ ತಮಗೆ ನಾನು ಎಲೆಕ್ಟ್ರಿಕ್ ಕಾರನ್ನೇ ಹೇಳುತ್ತೇನೆ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಸುಮಾರು 8 ಕಿ.ಮೀ. ಓಡುತ್ತದೆ. ಚಾರ್ಜಿಂಗ್‌ನಲ್ಲಿ ಸೋರಿ ಹೋಗುವುದನ್ನೂ ಸೇರಿಸಿದರೆ ತಿಂಗಳಿಗೆ 245 ಯೂನಿಟ್ ಬೇಕು. ಇಲ್ಲಿಯೇ ಗೃಹಜ್ಯೋತಿಯ ಪ್ರಶ್ನೆ ಬರುತ್ತದೆ: ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕು. ಮನೆಯ ಬಳಕೆ 80 ಯೂನಿಟ್ ಎಂದುಕೊಂಡರೂ ಎರಡೂ ಸೇರಿ 325 ಆಗಿ, ನಿಗದಿತ ಶುಲ್ಕ ಮತ್ತು ತೆರಿಗೆ ಕೂಡಿ ಬಿಲ್ಲು ಎರಡೂವರೆಯಿಂದ ಮೂರು ಸಾವಿರ ಬಂದೀತು. ಗೃಹಜ್ಯೋತಿ ಹೋದ ದುಃಖ ಇದ್ದೇ ಇರುತ್ತದೆ. ಆದರೆ ಹತ್ತು ಸಾವಿರದ ಪೆಟ್ರೋಲ್ ಮುಂದೆ ಇದು ನಷ್ಟವಲ್ಲ. ವಾಹನ ಚಾರ್ಜಿಂಗ್‌ಗೆ ಬೆಸ್ಕಾಂನಲ್ಲಿ ಪ್ರತ್ಯೇಕ ದರದ ವರ್ಗವೇ ಇರುವುದರಿಂದ, ಬೇರೆ ಮೀಟರ್ ಹಾಕಿಸಿಕೊಂಡು ಮನೆಯ ಲೆಕ್ಕ ಕೆಡದಂತೆ ನೋಡಿಕೊಳ್ಳಲು ಸಾಧ್ಯವೇ ಎಂದು ಕಚೇರಿಯಲ್ಲಿ ಮೊದಲು ವಿಚಾರಿಸಿ.

ಬ್ಯಾಟರಿ ಆರಿಸುವಾಗ ಜಿಪುಣತನ ಬೇಡ. ಟಾಟಾ ಟಿಯಾಗೊ ಇವಿಯಲ್ಲಿ 19.2 ಮತ್ತು 24 ಕಿಲೋವ್ಯಾಟ್ ಅವರ್‌ನ (ಅಂದರೆ ಅಷ್ಟು ಯೂನಿಟ್ ಹಿಡಿಯುವ) ಎರಡು ಬಗೆಗಳಿವೆ. ಚಿಕ್ಕದೂ 70 ಕಿ.ಮೀ.ಗೆ ಧಾರಾಳವಾಗಿ ಸಾಕು; ಆದರೆ ಬೇಸಿಗೆಯ ಎ.ಸಿ., ವರ್ಷ ಕಳೆದಂತೆ ಕುಗ್ಗುವ ಸಾಮರ್ಥ್ಯ, ನಡುವೆ ದಾವಣಗೆರೆಗೆ ಹೋಗಿಬರುವ ತುರ್ತು ಇವನ್ನೆಲ್ಲ ನೆನೆದರೆ ದೊಡ್ಡದೇ ಮೇಲು. ಬೆಂಗಳೂರಿನ 200 ಕಿ.ಮೀ.ಗೆ ಮಾತ್ರ ಸಿರಾದಲ್ಲೋ ತುಮಕೂರಿನಲ್ಲೋ ಒಂದು ಗಂಟೆ ನಿಲ್ಲುವ ಸಹನೆ ಬೇಕು. ಮನೆಯಲ್ಲಿ 16 ಆಂಪಿಯರ್‌ನ ಪ್ಲಗ್ ಪಾಯಿಂಟ್‌ಗೆ ಮೀಟರ್‌ನಿಂದ ನೇರವಾಗಿ ಬೇರೆ ವೈರ್ ಎಳೆಸಿ, ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ. ಅರ್ತಿಂಗ್ ಪರೀಕ್ಷೆ ಮಾಡಿಸದೆ ಚಾರ್ಜ್‌ಗೆ ಹಾಕಬೇಡಿ. ದುರ್ಗದ ಕಲ್ಲುನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ, ಕಾರು ಚಾರ್ಜನ್ನೇ ತೆಗೆದುಕೊಳ್ಳದೆ ನಿಂತುಬಿಡುವುದುಂಟು. ಗುಂಡಿಗೆ ಎರಡು ಕೊಡ ನೀರು ಸುರಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಕಾರು, ತಿಂಗಳಿಗೆ 400 ಕಿ.ಮೀ. ಓಡುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಮೈಲೇಜ್ ಇಳಿದಿದೆ. 60 ಸಾವಿರ ಕೊಟ್ಟು ಸಿಎನ್‌ಜಿ ಕಿಟ್ ಹಾಕಿಸಲೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ತಮಗೆ ತಿಂಗಳಿಗೆ ಉಳಿಯುವುದು ಸಾವಿರದ ನೂರು ರೂಪಾಯಿಯ ಆಸುಪಾಸು. ಕಿಟ್ಟಿನ ಹಣ ಮರಳಲು ನಾಲ್ಕೂವರೆ ವರ್ಷ ಬೇಕು. ಅಷ್ಟರೊಳಗೆ, 2028ಕ್ಕೇ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಣದ ಖರ್ಚು ಎದುರಾಗುತ್ತದೆ. ಇದರ ಮೇಲೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು, ವಿಮೆಯವರಿಗೆ ತಿಳಿಸಬೇಕು, ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮಾಡಿಸಬೇಕು.

ಮೈಲೇಜ್ ಇಳಿದಿರುವುದು ತಮ್ಮ ಭ್ರಮೆಯಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. 20 ಶೇಕಡಾ ಬೆರೆತಾಗ ಹಳೆಯ ಕಾರುಗಳಲ್ಲಿ 6–7 ಶೇಕಡಾ ಮೈಲೇಜ್ ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಎಥೆನಾಲ್‌ಗೆ ಕಬ್ಬಿನ ಜೊತೆಗೆ ಮೆಕ್ಕೆಜೋಳವೂ ಹೋಗುವುದರಿಂದ ನಮ್ಮ ಜಿಲ್ಲೆಯ ರೈತರಿಗೆ ಅದು ಬೇಡವಾದ ಸುದ್ದಿಯಲ್ಲ, ಕಾರಿನ ಮಾಲೀಕರಿಗೆ ಮಾತ್ರ ಸಿಹಿಯಲ್ಲ. ಮೆಕ್ಯಾನಿಕ್ ಬಳಿ ಇಂಧನದ ರಬ್ಬರ್ ಪೈಪ್, ಸೀಲುಗಳನ್ನು ಪರೀಕ್ಷಿಸಿ ಬದಲಿಸಿಕೊಳ್ಳಿ. ಎಥೆನಾಲ್ ತೇವ ಹೀರುವುದರಿಂದ ಕಾರನ್ನು ವಾರಗಟ್ಟಲೆ ಅರೆ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ಪ್ರಶ್ನೆ: ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನೇ ಕಾರಿಗೆ ಜೋಡಿಸಿಕೊಡುತ್ತೇನೆ ಎಂದು ಗ್ಯಾರೇಜಿನವರೊಬ್ಬರು ಹೇಳುತ್ತಾರೆ. ಹಾಕಿಸಬಹುದೇ?
— ಓದುಗರೊಬ್ಬರು, ಚನ್ನಗಿರಿ

ಉತ್ತರ: ಖಂಡಿತ ಕೂಡದು, ಅದು ಕಾನೂನಿಗೂ ವಿರುದ್ಧ. ವಾಹನದ ಎಲ್‌ಪಿಜಿ ಟ್ಯಾಂಕ್ 80 ಶೇಕಡಾ ತುಂಬಿದೊಡನೆ ತಾನಾಗಿ ನಿಲ್ಲುವ ವಾಲ್ವ್ ಹೊಂದಿ, ಚಾಸಿಗೆ ಬಿಗಿಯಾಗಿ ಕೂರುತ್ತದೆ; ನೆಟ್ಟಗೆ ನಿಲ್ಲಿಸಿ ಬಳಸಲೆಂದು ಮಾಡಿದ ಮನೆಯ ಸಿಲಿಂಡರ್ ಡಿಕ್ಕಿಯಲ್ಲಿ ಉರುಳಾಡಿದರೆ ಅನಿಲದ ಬದಲು ದ್ರವವೇ ಪೈಪಿಗೆ ಬರುತ್ತದೆ. ಅಪಘಾತವಾದರೆ ವಿಮೆಯ ಹಣವೂ ಕೈಗೆ ಬರುವುದು ಕಷ್ಟ. ಈಗಾಗಲೇ ಹಾಕಿಸಿದ್ದರೆ ಕಾರನ್ನು ಬಯಲಿಗೆ ತಂದು, ಬಾಗಿಲು, ಡಿಕ್ಕಿ ತೆರೆದಿಟ್ಟು, ತಿಳಿದವರಿಂದ ಇಂದೇ ಬಿಚ್ಚಿಸಿ.